ದಿನಕ್ಕೆ 1,600 ಅಂದರೆ ತಿಂಗಳಿಗೆ ಎಷ್ಟು?

ಪ್ರಶ್ನೆ: ಅಕ್ಕಾ, ನಾನು ಬಳ್ಳಾರಿ ಕೌಲ್ ಬಜಾರಿನವನು. ಬೆಂಗಳೂರಿನಲ್ಲಿ ನಾಲ್ಕು ವರ್ಷ ಜಾವಾ ಕೋಡ್ ಬರೆಯುವ ಕೆಲಸ ಮಾಡಿದೆ, ಕೈಗೆ 38,000 ಬರುತ್ತಿತ್ತು. ಕೆಲಸ ಹೋಗಿ ಊರಿಗೆ ಬಂದು ಎರಡು ತಿಂಗಳಾಯಿತು. ಈಗ ಒಂದು ಕನ್ಸಲ್ಟೆನ್ಸಿಯವರು ಮನೆಯಿಂದಲೇ ಮಾಡುವ ಆರು ತಿಂಗಳ ಕಾಂಟ್ರಾಕ್ಟ್ ಇದೆ, ದಿನಕ್ಕೆ 1,600 ಅನ್ನುತ್ತಿದ್ದಾರೆ. 22 ದಿನಕ್ಕೆ 35,200 ಆಗುತ್ತದೆ. ಬಾಡಿಗೆ ಇಲ್ಲ, ಊಟ ಮನೆಯದು. ಅಪ್ಪ "ಸುಮ್ನೆ ಒಪ್ಕೋ" ಅಂತಾರೆ. ಏನು ಮಾಡಲಿ?

ಉತ್ತರ: ತಮ್ಮಾ, ಆ 22ರ ಗುಣಾಕಾರದಲ್ಲೇ ಎಲ್ಲರೂ ಬೀಳುವುದು. ನಾನೂ ಬಿದ್ದಿದ್ದೆ.

ನಮ್ಮಪ್ಪ ಬಳ್ಳಾರಿಯಲ್ಲೇ ಜೀನ್ಸ್ ಹೊಲಿಯುತ್ತಿದ್ದರು, ಪೀಸಿಗೆ ಇಷ್ಟು ಅಂತ. ಕರೆಂಟು ಹೋದರೆ, ಬಟ್ಟೆ ಬರದಿದ್ದರೆ ಮಷಿನ್ ನಿಲ್ಲುತ್ತಿತ್ತು, ಕೂಲಿಯೂ ನಿಲ್ಲುತ್ತಿತ್ತು. ಯಾರಾದರೂ ಹೊಸ ರೇಟು ಹೇಳಿದರೆ ಅಪ್ಪ ಕೇಳುತ್ತಿದ್ದದ್ದು ಒಂದೇ: "ವರ್ಷಕ್ಕೆ ಎಷ್ಟು ತಿಂಗಳು ಮಾಲು ಕೊಡ್ತೀರಿ?" ಇಂಜಿನಿಯರಿಂಗ್ ಓದಿದ ನನಗೆ ಇದು ಹೊಳೆದಿರಲಿಲ್ಲ.

ನೀನೂ ಹಾಗೇ ಎಣಿಸು. ವರ್ಷದಲ್ಲಿ ಶನಿವಾರ, ಭಾನುವಾರ ಬಿಟ್ಟರೆ 261 ದಿನ. ಹಬ್ಬಕ್ಕೆ 10 ತೆಗೆ. ಜ್ವರ, ಮದುವೆ ಅಂತ 12. ಒಂದು ಕಾಂಟ್ರಾಕ್ಟ್ ಮುಗಿದು ಇನ್ನೊಂದು ಸಿಗುವ ತನಕ ಕನಿಷ್ಠ ಒಂದು ತಿಂಗಳು, ಅಂದರೆ 21 ದಿನ. ಉಳಿದದ್ದು 218. ಅದಕ್ಕೆ 1,600ರಂತೆ 3,48,800. ತಿಂಗಳಿಗೆ ಹಂಚಿದರೆ 29,000 ಅಷ್ಟೇ.

ಹಳೇ ಕೆಲಸದಲ್ಲಿ ಕೈಗೆ ಬಂದದ್ದೇ ವರ್ಷಕ್ಕೆ 4,56,000. ಕಂಪನಿ ತನ್ನ ಪಾಲಿನ ಪಿಎಫ್ ಬೇರೆ ಕಟ್ಟುತ್ತಿತ್ತು. ಪಿಎಫ್ ಲೆಕ್ಕಕ್ಕೆ ಹಿಡಿಯುವ ಸಂಬಳದ ಮಿತಿಯಾದ 15,000ಕ್ಕೆ 12 ಪರ್ಸೆಂಟ್ ಹಿಡಿದರೂ ತಿಂಗಳಿಗೆ 1,800, ವರ್ಷಕ್ಕೆ 21,600. ಈಗ ಆರೋಗ್ಯ ವಿಮೆ ನಿನ್ನ ತಲೆಗೇ, ವರ್ಷಕ್ಕೆ 15,000 ಇಟ್ಟುಕೋ. ಇಂಟರ್ನೆಟ್, ಇನ್ವರ್ಟರ್ ಬ್ಯಾಟರಿ, ಲ್ಯಾಪ್‌ಟಾಪ್ ಸವಕಳಿ ಸೇರಿ 36,000. (ನಮ್ಮೂರಿನ ಮೇ ತಿಂಗಳಲ್ಲಿ ಕೂಲರ್ ಇಲ್ಲದೆ ಕೋಡ್ ಬರೆಯುವವರು ಯಾರು, ಅದನ್ನು ನಾನು ಹಿಡಿದೇ ಇಲ್ಲ.) ಒಟ್ಟು 5,28,600. ಅದನ್ನು 218ರಿಂದ ಭಾಗಿಸಿದರೆ ದಿನಕ್ಕೆ 2,425. ಹಳೇ ಸಂಬಳಕ್ಕೆ ಸರಿಸಮ ಆಗಬೇಕಾದರೆ ಇಷ್ಟು ಬೇಕು.

"ಬಳ್ಳಾರಿಯಲ್ಲಿದ್ದೀರಿ, ಖರ್ಚೇನು?" ಅಂತ ಅವರು ಕೇಳಿಯೇ ಕೇಳುತ್ತಾರೆ. ನನಗೂ ಕೇಳಿದ್ದರು. ಅಪ್ಪ ಹಾಕುವ ಅನ್ನದ ಲಾಭ ಕನ್ಸಲ್ಟೆನ್ಸಿಗೆ ಯಾಕೆ ಹೋಗಬೇಕು? ನಿನಗೂ ಕೆಲಸ ಮಾಡಿಸಿಕೊಳ್ಳುವ ಕಂಪನಿಗೂ ನಡುವೆ ಎಷ್ಟು ಜನ ಇದ್ದಾರೆ ಅಂತ ತಿರುಗಿ ಕೇಳು. ನನ್ನ ವಿಷಯದಲ್ಲಿ ಇಬ್ಬರಿದ್ದರು. ಇಬ್ಬರೂ ಕಮಿಷನ್ ಮುರಿದುಕೊಂಡ ಮೇಲೆ ಮಿಕ್ಕಿದ್ದೇ ನನ್ನ ರೇಟು.

ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ, ಹಿಡಿಯುತ್ತಾರೆ ಅಂತ ಹೆದರಬೇಡ. ರಿಟರ್ನ್ ಹಾಕಿದರೆ ಅದು ನಿನ್ನ ತೆರಿಗೆ ಲೆಕ್ಕಕ್ಕೇ ಜಮಾ. ಹೆದರಬೇಕಾದದ್ದು ದುಡ್ಡು ಯಾವಾಗ ಬರುತ್ತದೆ ಅನ್ನುವುದಕ್ಕೆ. ನನ್ನ ಕೊನೆಯ ಬಿಲ್ಲಿಗೆ ಏಳು ತಿಂಗಳು ಅಲೆದಾಡಿದೆ. ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾಡಿಸಿಕೋ, ಆನ್‌ಲೈನಿನಲ್ಲಿ ಬಿಟ್ಟಿ. ಅದು ಮಾಡಿಸಿದ ಸಣ್ಣ ಉದ್ಯಮಕ್ಕೆ 45 ದಿನದೊಳಗೆ ದುಡ್ಡು ಕೊಡಬೇಕು ಅಂತ 2006ರ ಎಂಎಸ್‌ಎಂಇ ಕಾನೂನೇ ಇದೆ. ತಡವಾದರೆ ಬಡ್ಡಿ.

ಎರಡು ತಿಂಗಳು ಖಾಲಿ ಕೂತವನಿಗೆ ಬೇಡ ಅಂತ ಖಡಾಖಂಡಿತ ಹೇಳುವುದು ನನಗೆ ಸುಲಭ. ಅಪ್ಪನ ಆತಂಕವೂ ಸುಳ್ಳಲ್ಲ. 2,400 ಕೇಳು. 2,000ಕ್ಕೆ ಬಂದರೆ ಆರು ತಿಂಗಳಿಗೆ ಒಪ್ಪಿಕೋ. 1,600ರಿಂದ ಜಗ್ಗದಿದ್ದರೆ ಮೂರು ತಿಂಗಳಿಗೆ ಮಾತ್ರ ಸಹಿ ಹಾಕು, ಬೇರೆ ಕಡೆ ಅರ್ಜಿ ಹಾಕುವುದನ್ನು ಒಂದು ದಿನವೂ ನಿಲ್ಲಿಸಬೇಡ. ಮತ್ತೆ, ಕಾಂಟ್ರಾಕ್ಟ್ ಮುರಿಯಲು ಅವರು ಎಷ್ಟು ದಿನದ ನೋಟಿಸ್ ಕೊಡಬೇಕು ಅನ್ನುವ ಸಾಲನ್ನು ಹುಡುಕಿ ಓದು. ನಿನಗೆ 30 ದಿನ, ಅವರಿಗೆ ಒಂದೇ ದಿನ ಅಂತಿದ್ದರೆ ಮೊದಲು ಅದನ್ನು ತಿದ್ದಿಸು.