ಅವರ ಮಗುವಿನ ಕೈ, ನಿಮ್ಮ ಮಗುವಿನ ಕೈ

ಪ್ರಶ್ನೆ: ಅಕ್ಕ, ನನ್ನ ಮಗನಿಗೆ ಎರಡು ತಿಂಗಳು. ಹೆರಿಗೆಯಲ್ಲಿ ತಲೆ ಬಂದ ಮೇಲೆ ಭುಜ ಸಿಕ್ಕಿಕೊಂಡಿತ್ತು. ಬಲಗೈ ಎತ್ತುವುದೇ ಇಲ್ಲ, ಬೆರಳು ಮಾತ್ರ ಆಡಿಸುತ್ತಾನೆ. ನರಕ್ಕೆ ಪೆಟ್ಟಾಗಿದೆ, ‘ಅರ್ಬ್ಸ್ ಪಾಲ್ಸಿ’ ಅಂದರು ಡಾಕ್ಟರು. ವ್ಯಾಯಾಮ ಹೇಳಿಕೊಟ್ಟಿದ್ದಾರೆ. ನಾನು ಸರಿಯಾಗಿ ಮುಕ್ಕಲಿಲ್ಲವೇನೋ ಅಂತ ಅಳು ಬರುತ್ತದೆ. ಇದೇ ತೊಂದರೆ ಇರುವ ಯಾರ ಜೊತೆಗಾದರೂ ಮಾತಾಡಬೇಕು. ‘ಅವರಿವರ ಕಥೆ ಕೇಳಿದರೆ ಇನ್ನೂ ಹೆದರ್ತೀಯ’ ಅಂತಾರೆ ನಮ್ಮ ಯಜಮಾನರು. ಏನು ಮಾಡಲಿ?
– ಒಬ್ಬ ತಾಯಿ, ಶಿಡ್ಲಘಟ್ಟ ತಾಲ್ಲೂಕು

ಉತ್ತರ: ಮಾತಾಡಿ ತಂಗಿ, ಖಂಡಿತ ಮಾತಾಡಿ. ನನ್ನ ಮಗಳ ಎಡಗೈಗೂ ಇದೇ ಆಗಿದ್ದು. ಈಗ ಇಲ್ಲೇ ಚಿಂತಾಮಣಿಯಲ್ಲಿ ಒಂಬತ್ತನೇ ಕ್ಲಾಸು ಓದುತ್ತಿದ್ದಾಳೆ.

ಮೊದಲು ಆ ಅಳುವಿನ ವಿಷಯ. ಕುತ್ತಿಗೆಯಿಂದ ಕೈಗೆ ಐದು ನರದ ಬೇರುಗಳು ಹೆಣೆದುಕೊಂಡು ಇಳಿಯುತ್ತವೆ. ಭುಜ ಸಿಕ್ಕಿಕೊಂಡಾಗ ಅಲ್ಲಿ ಎಳೆತ ಬೀಳುತ್ತದೆ. ಮೇಲಿನ ಬೇರುಗಳಿಗೆ ಪೆಟ್ಟಾದರೆ ಭುಜ, ಮೊಣಕೈ ಸೋಲುತ್ತವೆ, ಬೆರಳು ಆಡುತ್ತವೆ. ಭುಜ ಸಿಕ್ಕಿಕೊಳ್ಳುವುದು ಯಾವ ತಾಯಿಯ ಕೈಯಲ್ಲೂ ಇಲ್ಲ. ಇದನ್ನು ನನಗೂ ಡಾಕ್ಟರು ಹೇಳಿದ್ದರು. ಆದರೆ ಫಿಸಿಯೋಥೆರಪಿ ಕೋಣೆಯ ಮುಂದಿನ ಬೆಂಚಿನಲ್ಲಿ, ಇಂಥದೇ ಮಗುವನ್ನು ತೊಡೆ ಮೇಲೆ ಹಾಕಿಕೊಂಡಿದ್ದ ಗೌರಿಬಿದನೂರಿನ ಹೆಂಗಸು ಹೇಳಿದಾಗಲೇ ಮನಸ್ಸು ಒಪ್ಪಿದ್ದು.

ಅವರಿಂದ ಕಲಿತದ್ದು ಒಂದೆರಡಲ್ಲ. ಅಂಗಿ ಹಾಕುವಾಗ ಸೋತ ಕೈ ಮೊದಲು, ಬಿಚ್ಚುವಾಗ ಅದೇ ಕೊನೆಗೆ. ಕಂಕುಳಿಗೆ ಕೈ ಹಾಕಿ ಎತ್ತಬೇಡಿ. ಕತ್ತಿನ ಹಿಂದೆ ಒಂದು ಕೈ, ಕುಂಡೆ ಕೆಳಗೆ ಒಂದು ಕೈ ಕೊಟ್ಟು ಎತ್ತಿ. ವ್ಯಾಯಾಮಕ್ಕೆ ಅಂತ ಬೇರೆ ಹೊತ್ತು ಹುಡುಕಿದರೆ ಅದು ಆಗುವುದೇ ಇಲ್ಲ. ಪ್ರತಿ ಸಲ ಒದ್ದೆ ಬಟ್ಟೆ ಬದಲಿಸುವಾಗ ಮಾಡಿಬಿಡಿ. ಇನ್ನು ನಮ್ಮ ಕಡೆ ಅಜ್ಜಿಯರು ಎಣ್ಣೆ ನೀರು ಹಾಕುವಾಗ ಎರಡೂ ಕೈ ಹಿಡಿದು ಎದೆ ಮೇಲೆ ಅಡ್ಡಡ್ಡ ಎಳೆಯುತ್ತಾರೆ, ಅಲ್ವಾ? ಅದು ಬೇಡ. ನಾಟಿ ವೈದ್ಯರ ಹತ್ತಿರ ಎಳೆಸುವುದಂತೂ ಬೇಡವೇ ಬೇಡ. ಅತ್ತೆಯವರನ್ನು ಒಂದು ಸಲ ಜೊತೆಗೆ ಕರೆದುಕೊಂಡು ಹೋಗಿ, ಫಿಸಿಯೋಥೆರಪಿಯವರ ಬಾಯಿಂದಲೇ ಹೇಳಿಸಿ. ನೀವು ಹೇಳಿದರೆ ಸೊಸೆಯ ಮಾತಾಗುತ್ತದೆ. ಆ ಕೈಗೆ ಬಿಸಿ ಸರಿಯಾಗಿ ಗೊತ್ತಾಗದೇ ಇರಬಹುದು, ಸ್ನಾನದ ನೀರನ್ನು ನೀವೇ ಮುಟ್ಟಿ ನೋಡಿ.

ಈಗ ನಿಮ್ಮ ಯಜಮಾನರ ಮಾತು. ಅದರಲ್ಲೂ ನಿಜ ಇದೆ. ಕಾಯಿಲೆಯ ಹೆಸರು ಒಂದೇ ಆದರೂ ಪೆಟ್ಟು ಒಂದೇ ಅಲ್ಲ. ಒಬ್ಬರಿಗೆ ನರ ಬರೀ ಎಳೆದಿರುತ್ತದೆ, ತಾನಾಗೇ ಸುಧಾರಿಸುತ್ತದೆ. ಇನ್ನೊಬ್ಬರಿಗೆ ಹರಿದಿರುತ್ತದೆ. ಕೆಲವರಿಗೆ ನರದ ಬೇರೇ ಕಿತ್ತು ಬಂದಿರುತ್ತದೆ. ಗೌರಿಬಿದನೂರಿನವರ ಹುಡುಗ ಮೂರು ತಿಂಗಳೊಳಗೆ ಕೈ ಬಾಯಿಗೆ ತಂದ. ನನ್ನ ಮಗಳು ತರಲಿಲ್ಲ. ಅವಳ ಮೀನಖಂಡದಿಂದ ನರ ತೆಗೆದು ಕುತ್ತಿಗೆಯಲ್ಲಿ ಜೋಡಿಸಿದರು. ನರ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಹಾಗಾಗಿ ಆಪರೇಷನ್ ಆದ ಮೇಲೂ ತಿಂಗಳುಗಟ್ಟಲೆ ಏನೂ ಕಾಣಲಿಲ್ಲ. ಆ ತಿಂಗಳುಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ ಗೆಳತಿ. ಅವರ ಮಗ ಆಗಲೇ ಎರಡೂ ಕೈ ಊರಿ ಅಂಬೆಗಾಲಿಡುತ್ತಿದ್ದ. ಆದರೂ ನನಗೆ ಹೊಟ್ಟೆಕಿಚ್ಚು ಬರದ ಹಾಗೆ ಮಾತಾಡುತ್ತಿದ್ದರು. ದೊಡ್ಡ ಗುಣ ಅದು.

ಅದಕ್ಕೇ ಹೇಳುತ್ತೇನೆ: ಬದುಕುವ ದಾರಿ ಇನ್ನೊಬ್ಬ ತಾಯಿಯಿಂದ ಕೇಳಿ. ಆಪರೇಷನ್ ಬೇಕೋ ಬೇಡವೋ ಅನ್ನುವುದನ್ನು ಮಾತ್ರ ಕೇಳಬೇಡಿ. ‘ನಮ್ಮ ಮಗುವಿಗೆ ತಾನಾಗೇ ಸರಿಹೋಯ್ತು, ಸುಮ್ನೆ ಕಾಯಿರಿ’ ಅಂತ ಯಾರಾದರೂ ಅಂದರೆ ಕಾಯಬೇಡಿ. ಮೂರು ತಿಂಗಳು ತುಂಬಿದಾಗಲೂ ಮೊಣಕೈ ತಾನಾಗಿ ಮಡಚದಿದ್ದರೆ, ಈ ನರಗಳ ಆಪರೇಷನ್ ಮಾಡುವ ತಜ್ಞರನ್ನು ನೋಡಲೇಬೇಕು. ಬೆಂಗಳೂರಿನಲ್ಲಿ ಅಂಥವರಿದ್ದಾರೆ. ತಡವಾದಷ್ಟೂ ನರ ಸಿಗದ ಸ್ನಾಯು ಸೊರಗುತ್ತದೆ. ನಿಮಗೆ ಇನ್ನೂ ಒಂದು ತಿಂಗಳಿದೆ. ಚೀಟಿ ಬರೆಸುವುದು, ರಜೆ ಕೇಳುವುದು ಈಗಲೇ ಶುರು ಮಾಡಿ.

ಜೊತೆಯವರು ಸಿಗುವುದು ಹೇಗೆ? ಜಿಲ್ಲಾ ಆಸ್ಪತ್ರೆಯಲ್ಲಿ ಮಕ್ಕಳ ಆರಂಭಿಕ ಚಿಕಿತ್ಸಾ ಕೇಂದ್ರವನ್ನು ವಿಚಾರಿಸಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಇಂಥ ಕೇಂದ್ರಗಳು ಬಂದಿವೆ. ನಿಮ್ಮೂರ ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ. ಫಿಸಿಯೋಥೆರಪಿಯವರ ಹತ್ತಿರ ಬೇರೆಯವರ ನಂಬರ್ ಕೇಳಬೇಡಿ, ನಿಮ್ಮ ನಂಬರ್ ಬಿಟ್ಟು ಬನ್ನಿ. ಒಪ್ಪಿಗೆ ಇದ್ದವರು ಫೋನ್ ಮಾಡುತ್ತಾರೆ. ಯಜಮಾನರನ್ನೂ ಮಾತಿಗೆ ಕೂರಿಸಿ. ಗಂಡಸರು ಹೆದರಿಕೆಯನ್ನು ಒಳಗೇ ಇಟ್ಟುಕೊಳ್ಳುವುದು ಜಾಸ್ತಿ. ಅದೇ ಬೆಂಚಿನಲ್ಲಿ ಬೈಕಿನಿಂದ ಬಿದ್ದು ಇದೇ ನರ ಹರಿದುಕೊಂಡ ಹುಡುಗರೂ ಇರುತ್ತಾರೆ. ಅವರ ನೋವು ಬೇರೆ, ಕೈ ಉರಿಯುತ್ತಲೇ ಇರುತ್ತದೆ. ಅವರನ್ನು ನೋಡಿ ಮಗನ ಮುಂದಿನ ದಿನಗಳನ್ನು ಊಹಿಸಿಕೊಳ್ಳಬೇಡಿ.

ನನ್ನ ಮಗಳಿಗೆ ಜಡೆ ನಾನೇ ಹೆಣೆಯಬೇಕು, ಎಡಗೈ ತಲೆಯ ಹಿಂದಕ್ಕೆ ಹೋಗುವುದಿಲ್ಲ. ಸೈಕಲ್ ಹೊಡೆಯುತ್ತಾಳೆ, ಚಪಾತಿ ಲಟ್ಟಿಸುತ್ತಾಳೆ. ನಿಮ್ಮ ಕಾಗದ ಓದಿ, ‘ಆ ಆಂಟಿ ಹತ್ತಿರ ನಾನೂ ಮಾತಾಡ್ತೀನಿ’ ಅಂದಳು. ಪತ್ರಿಕೆಯ ಕಚೇರಿಗೆ ನಿಮ್ಮ ನಂಬರ್ ಕಳಿಸಿ, ಅದನ್ನು ಅಚ್ಚು ಹಾಕುವುದಿಲ್ಲ. ರಾತ್ರಿ ಎಂಟರ ಮೇಲೆ, ಮಗ ಮಲಗಿದ ಮೇಲೆ, ನಾವೇ ಫೋನ್ ಮಾಡುತ್ತೇವೆ.