ಕಥೆ ಹೇಳುವವನನ್ನೇ ನಂಬಬಾರದು ಅಂತ ಓದುಗರಿಗೆ ಗೊತ್ತಾಗುವುದು ಹೇಗೆ?

ಇಂಗ್ಲಿಷ್ ಕಾದಂಬರಿಗಳಲ್ಲಿ ‘ನಾನು’ ಅಂತ ಕಥೆ ಹೇಳುವವನನ್ನು ಕೆಲವೊಮ್ಮೆ ನಂಬಬಾರದು ಅಂತಾರೆ, ಆದರೆ ಇಡೀ ಪುಸ್ತಕದಲ್ಲಿ ಮಾತಾಡುವುದು ಅವನೊಬ್ಬನೇ, ಹಾಗಿರುವಾಗ ಗೊತ್ತಾಗುವುದು ಹೇಗೆ ಅಂತ ಕೇಳಿದ್ದೀರಿ.

ಮಾತಾಡುವುದು ಅವನೊಬ್ಬನೇ, ನಿಜ. ಆದರೆ ಬೇರೆಯವರು ತನಗೆ ಏನೆಂದರು ಅನ್ನುವುದನ್ನೂ ಅವನೇ ಹೇಳಬೇಕಲ್ವಾ? ಗುಟ್ಟು ಹೊರಬೀಳುವುದು ಅಲ್ಲೇ.

ನನಗೆ ಇದು ಅರ್ಥವಾದದ್ದು ಕಜುವೊ ಇಶಿಗುರೊ ಅವರ ‘ದಿ ರಿಮೇನ್ಸ್ ಆಫ್ ದ ಡೇ’ (1989) ಓದಿದಾಗ. ಕಥೆ ಹೇಳುವವನು ಸ್ಟೀವನ್ಸ್, ಒಬ್ಬ ಲಾರ್ಡ್‌ನ ಬಂಗಲೆಯಲ್ಲಿ ಬಟ್ಲರ್. 1923ರಲ್ಲಿ ಅಲ್ಲೊಂದು ದೊಡ್ಡ ಸಭೆ ನಡೆಯುತ್ತದೆ. ಮಹಡಿಯ ಮೇಲೆ ಅವನ ಅಪ್ಪ ಸಾಯುವ ಸ್ಥಿತಿಯಲ್ಲಿದ್ದಾನೆ. ಕೆಳಗೆ ಇವನು ಅತಿಥಿಗಳಿಗೆ ವೈನ್ ಕೊಡುತ್ತಾ ಓಡಾಡುತ್ತಿದ್ದಾನೆ. ತನ್ನ ಸಂಕಟದ ಬಗ್ಗೆ ನಮಗೆ ಒಂದಕ್ಷರವನ್ನೂ ಹೇಳುವುದಿಲ್ಲ. ಅಷ್ಟರಲ್ಲಿ ಯಜಮಾನ ಹತ್ತಿರ ಬಂದು, ನೀನು ಅಳುತ್ತಿರುವ ಹಾಗೆ ಕಾಣುತ್ತದಲ್ಲ ಅನ್ನುತ್ತಾನೆ. ಇವನು ಬೇಗ ಮುಖ ಒರೆಸಿಕೊಂಡು, ದಿನವಿಡೀ ಕೆಲಸ ಜಾಸ್ತಿಯಾಯಿತು ಅಂತ ಕಾರಣ ಕೊಡುತ್ತಾನೆ. ಅವನ ಕಣ್ಣಲ್ಲಿ ನೀರಿದೆ ಅಂತ ನಮಗೆ ಗೊತ್ತಾಗುವುದೇ ಯಜಮಾನನ ಬಾಯಿಂದ! ನಾನು ಅಲ್ಲಿ ಓದುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ.

ಇಂಥ ನಿರೂಪಕರ ಬಗ್ಗೆ 1961ರಲ್ಲಿ ಬರೆದು, ಅವರಿಗೆ ‘ಅನ್‌ರಿಲಯಬಲ್ ನ್ಯಾರೇಟರ್’ (ನಂಬಲಾಗದ ನಿರೂಪಕ) ಅಂತ ಹೆಸರನ್ನೂ ಕೊಟ್ಟ ವಿಮರ್ಶಕ ವೇಯ್ನ್ ಬೂತ್. ಇಂಥ ನಿರೂಪಕರು ಸಾಮಾನ್ಯವಾಗಿ ಸುಳ್ಳುಗಾರರಲ್ಲ ಅಂತ ಬೂತ್ ಅವರೇ ಹೇಳಿದ್ದಾರೆ. ಸ್ಟೀವನ್ಸ್ ವಿಷಯದಲ್ಲಿ ಇದು ಪೂರ್ತಿ ಸರಿ. ಅವನು ಮೋಸ ಮಾಡುತ್ತಿರುವುದು ನಮಗಿಂತ ಹೆಚ್ಚಾಗಿ ತನಗೇ.

ಇನ್ನೊಂದು ಸುಳಿವು ನೆನಪಿನದು. ಮನೆಯ ಮೇಲ್ವಿಚಾರಕಿ ಮಿಸ್ ಕೆಂಟನ್ ಕೋಣೆಯ ಬಾಗಿಲ ಹೊರಗೆ ತಾನು ನಿಂತದ್ದು, ಒಳಗೆ ಅವಳು ಅಳುತ್ತಿದ್ದಾಳೆ ಅಂತ ಅನ್ನಿಸಿದ್ದು ಅವನಿಗೆ ನೆನಪಿದೆ. ಅವಳ ಚಿಕ್ಕಮ್ಮ ತೀರಿಕೊಂಡ ದಿನ ಅದು ಅಂತ ಮೊದಲು ಹೇಳುತ್ತಾನೆ. ಎಷ್ಟೋ ಪುಟಗಳಾದ ಮೇಲೆ, ಅಲ್ಲ, ಅದು ಬೇರೆ ದಿನ ಇರಬೇಕು ಅನ್ನುತ್ತಾನೆ. ಯಾವ ದಿನ? ಬೇರೊಬ್ಬನನ್ನು ಮದುವೆಯಾಗಲು ಒಪ್ಪಿದ್ದೇನೆ ಅಂತ ಅವಳು ಇವನಿಗೆ ತಿಳಿಸಿದ ರಾತ್ರಿ. ತಾರೀಖು ತಪ್ಪಿದ್ದು ಮರೆವಿನಿಂದ ಅಂತ ನನಗೆ ಅನ್ನಿಸುವುದಿಲ್ಲ. ಚಿಕ್ಕಮ್ಮನಿಗಾಗಿ ಅತ್ತಿದ್ದರೆ ಅದರಲ್ಲಿ ಇವನ ಪಾಲು ಏನೂ ಇರುತ್ತಿರಲಿಲ್ಲ.

ಈ ಬಗೆಯ ಕಾದಂಬರಿ ನಿಮಗೆ ಹೊಸತಾದರೆ ಇದರಿಂದಲೇ ಶುರು ಮಾಡಿ. ಮುಗಿದ ಮೇಲೆ ಬಾಗಿಲಿನ ಆ ಎರಡು ಪ್ರಸಂಗಗಳನ್ನು ಮತ್ತೆ ತೆಗೆದು, ಒಂದಾದ ಮೇಲೊಂದು ಓದಿ ನೋಡಿ.