ಜಪಾನಿನ ಹಾರರ್ ಚಿತ್ರ ಈವಿಲ್ ಡೆಡ್ ಟ್ರ್ಯಾಪ್‌ನ ಕೊನೆಯ ಅರ್ಧ ಗಂಟೆ ಬಿಟ್ಟು ನೋಡಿದರೆ ನಡೆಯುತ್ತಾ? ಅದರಲ್ಲಿ ಒಳ್ಳೆಯದು ಎಷ್ಟು, ಕೆಟ್ಟದ್ದು ಎಷ್ಟು?

ಬಿಡಬೇಡಿ. ನಾನು ಬಿಟ್ಟಿದ್ದೆ, ಅದೂ ಒಬ್ಬನೇ ಕೂತು ನೋಡುವಾಗಲ್ಲ, ಹಾಲ್ ತುಂಬ ಜನರನ್ನು ಕೂರಿಸಿಕೊಂಡು. "ಮುಕ್ಕಾಲು ಭಾಗ ಜಬರ್ದಸ್ತ್ ಸ್ಲ್ಯಾಶರ್ (ಕೊಲೆಗಾರ ಒಬ್ಬೊಬ್ಬರನ್ನೇ ಮುಗಿಸುವ ಥರದ ಸಿನಿಮಾ), ಆಮೇಲೆ ಏನೇನೋ ಆಗುತ್ತೆ" ಅಂತ ನಿಮಗೆ ಯಾರೋ ಹೇಳಿದ್ದಾರೆ ಅಂದಿರಲ್ಲ, ಆ ಮಾತನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದವರಲ್ಲಿ ನಾನೂ ಒಬ್ಬ.

ಆಗ ಮೈಸೂರಿನಲ್ಲಿ ನಮ್ಮದೊಂದು ಸಣ್ಣ ಬಳಗ ಇತ್ತು. ಗೆಳೆಯರೊಬ್ಬರ ಮನೆ ಮಹಡಿಯಲ್ಲಿ ಪ್ರೊಜೆಕ್ಟರ್ ಇಟ್ಟು ಭಾನುವಾರ ಸಂಜೆ ಸಿನಿಮಾ, ಆಮೇಲೆ ಕಾಫಿ, ಚರ್ಚೆ. ಹಾರರ್ ಅಂದರೆ ಮೂಗು ಮುರಿಯುವ ಹಿರಿಯರೇ ಅಲ್ಲಿ ಜಾಸ್ತಿ. ಅವರನ್ನು ಕಾಡಿ ಬೇಡಿ, ಜಪಾನಿನ ಹಾರರ್ ಚಿತ್ರಗಳ ಒಂದು ಸರಣಿಗೆ ಒಪ್ಪಿಸಿದ್ದೆ. ಅದರಲ್ಲಿ ಮೊದಲನೆಯದೇ ಇದು. 1988ರಲ್ಲಿ ತೋಶಿಹಾರು ಇಕೆಡಾ ನಿರ್ದೇಶಿಸಿದ ಈ ಚಿತ್ರಕ್ಕೂ ಅಮೆರಿಕದ ಈವಿಲ್ ಡೆಡ್ ಕಥೆಗೂ ಸಂಬಂಧ ಇಲ್ಲ ಅಂತ ಮೊದಲೇ ಹೇಳಿ ಶುರು ಮಾಡಿದೆ.

ಹತ್ತೇ ನಿಮಿಷಕ್ಕೆ, ಮೂಗು ಮುರಿದವರೂ ಮುಂದಕ್ಕೆ ಬಾಗಿ ಕೂತರು. ನಾಮಿ ನಡುರಾತ್ರಿಯ ಟಿವಿ ಕಾರ್ಯಕ್ರಮವೊಂದರ ನಿರೂಪಕಿ. ವೀಕ್ಷಕರು ಕಳಿಸಿದ ಹೋಮ್ ವಿಡಿಯೊಗಳನ್ನು ತೋರಿಸುವುದು ಅವಳ ಕೆಲಸ. ಒಂದು ದಿನ ಅವಳಿಗೇ ಅಂತ ಒಂದು ಕ್ಯಾಸೆಟ್ ಬರುತ್ತೆ. ಮೊದಲು ಬರೀ ರಸ್ತೆ. ಕಾರಿನಲ್ಲಿ ಕೂತು ಯಾರೋ ಶೂಟ್ ಮಾಡಿಕೊಂಡು ಹೋಗಿದ್ದಾರೆ, ದಾರಿ ನೋಡಿಟ್ಟುಕೋ ಅನ್ನುವ ಹಾಗೆ. ಆಮೇಲೆ ಕಟ್ಟಿಹಾಕಿದ ಒಬ್ಬ ಹೆಂಗಸು. ಚಾಕುವಿನ ಮೊನೆ ಅವಳ ಕಣ್ಣಿಗೆ ಬರುತ್ತೆ, ಕ್ಯಾಮೆರಾ ಆ ಕಣ್ಣನ್ನು ಪರದೆ ತುಂಬ ಹಿಡಿದುಕೊಂಡಿರುತ್ತೆ, ನೀವೇ ಮುಖ ತಿರುಗಿಸಬೇಕು. ಕ್ಯಾಸೆಟ್ ಮುಗಿಯುವಾಗ ಆ ಹೆಂಗಸಿನ ಜಾಗದಲ್ಲಿ ನಾಮಿಯ ಮುಖವೇ ಕಾಣುತ್ತೆ. ನಿಮಗೆ ರಿಂಗು, ಅದೇ ಶಾಪದ ಕ್ಯಾಸೆಟ್ಟಿನ ಜಪಾನಿ ಹಾರರ್ ಚಿತ್ರ, ಇಷ್ಟ ಅಂದಿದ್ದೀರಿ. ಅದು ಬರುವುದಕ್ಕೆ 10 ವರ್ಷ ಮೊದಲಿನ ಚಿತ್ರ ಇದು.

ಮೇಲಿನವರು ಬೇಡ ಅಂದರೂ ಅವಳು ತನ್ನ ತಂಡ ಕಟ್ಟಿಕೊಂಡು ಕ್ಯಾಸೆಟ್ಟಿನ ದಾರಿ ಹಿಡಿದು ಪಾಳುಬಿದ್ದ ಮಿಲಿಟರಿ ನೆಲೆಗೆ ಹೋಗುತ್ತಾಳೆ. ಅಲ್ಲಿಂದ ಒಬ್ಬೊಬ್ಬರಾಗಿ ಸಾಯುತ್ತಾರೆ. ಅಲ್ಲಿ ಮುರಾಕಿ ಅನ್ನುವ ಒಬ್ಬ ಸಿಗುತ್ತಾನೆ, ತಮ್ಮ ಹಿಡೆಕಿಯನ್ನು ಹುಡುಕುತ್ತಿದ್ದೇನೆ ಅನ್ನುತ್ತಾನೆ.

ನಾನು ಸಿನಿಮಾ ನಿಲ್ಲಿಸಿದ್ದು, ಎಲ್ಲರೂ ಸತ್ತು ನಾಮಿ ಒಬ್ಬಳೇ ಉಳಿದ ಕಡೆ, ಮುರಾಕಿಯ ಗುಟ್ಟು ಬಯಲಾಗುವ ಮೊದಲು. "ಇದರ ಮುಂದಿನದು ಬೇಕಾಗಿಲ್ಲ, ಅದು ಬೇರೆಯೇ ಸಿನಿಮಾ" ಅಂದು ಲೈಟ್ ಹಾಕಿದೆ.

ಯಾಕೆ ಹಾಗೆ ಮಾಡಿದೆ ಅಂತ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನೀವೂ ಅದೇ ಜಾಗದಲ್ಲಿ ನಿಂತಿದ್ದೀರಿ. ಅದಕ್ಕೂ ಮುಂಚೆ ನಾನದನ್ನು ಪೂರ್ತಿ ನೋಡಿದ್ದು ಒಂದೇ ಸಲ, ಅದೂ ಸಬ್‌ಟೈಟಲ್ ಅರ್ಧಂಬರ್ಧ ಇದ್ದ ಕಾಪಿಯಲ್ಲಿ. ಅಮೆರಿಕದ ಸ್ಲ್ಯಾಶರ್‌ಗಳನ್ನು ನೋಡಿ ನೋಡಿ ತಲೆಯಲ್ಲಿ ಒಂದು ಲೆಕ್ಕ ಕೂತುಬಿಟ್ಟಿತ್ತು: ಎಷ್ಟು ಹೆಣ ಬಿತ್ತು, ಹೇಗೆ ಬಿತ್ತು, ಕೊನೆಗೆ ಉಳಿದವಳು ಯಾರು. ಆ ಲೆಕ್ಕ ಮುಗಿದರೆ ಸಿನಿಮಾ ಮುಗಿದ ಹಾಗೆ. ಅದರಾಚೆ ಬರುವ ರಬ್ಬರ್ ಮಗು, ಹೊಗೆ, ಕಿರುಚಾಟ, ಅಳು ಎಲ್ಲ ನಿರ್ದೇಶಕರಿಗೆ ಕೈ ಮೀರಿ ಹೋದದ್ದು ಅಂತ ತೀರ್ಮಾನಿಸಿದ್ದೆ. ಇನ್ನೂ ಒಂದು ಕಾರಣ ಇತ್ತು. ಹಿರಿಯರು ನಗುತ್ತಾರೆ ಅನ್ನುವ ಭಯ. ಅಂದರೆ ಚಿತ್ರವನ್ನು ನಾನೇ ನಂಬಿರಲಿಲ್ಲ, ಅದರ ಪರವಾಗಿ ಮಾತಾಡೋಕೆ ಮಾತ್ರ ಹೊರಟಿದ್ದೆ.

ಕಾಫಿ ಬರುವ ಮೊದಲೇ ಬಳಗದ ಒಬ್ಬ ಹುಡುಗಿ ಕೇಳಿದಳು: "ಹಾಗಾದ್ರೆ ಆ ಕ್ಯಾಸೆಟ್ಟಲ್ಲಿ ನಾಮಿ ಮುಖ ಯಾಕಿತ್ತು? ಅವಳನ್ನೇ ಯಾಕೆ ಕರೆಸಿಕೊಂಡ್ರು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಇದ್ದ ಭಾಗವನ್ನೇ ನಾನು ಆಫ್ ಮಾಡಿದ್ದೆ. "ಕಥೆಯೇ ಇಲ್ಲದ ಕೊಲೆಗಳನ್ನ ನೋಡೋಕೆ ಇಷ್ಟು ಹೊತ್ತು ಕೂತ್ವಾ?" ಅಂತ ಹಿರಿಯರೊಬ್ಬರು ಎದ್ದರು. ಸರಣಿ ಅಲ್ಲಿಗೇ ನಿಂತಿತು. ಮತ್ತೆ ಯಾವತ್ತೂ ಆ ಮಹಡಿಯಲ್ಲಿ ಹಾರರ್ ಬರಲಿಲ್ಲ, ನಾನು ಹೇಳಿದ ಸಿನಿಮಾ ಅಂದರೆ ಜನ ಹಿಂದೆ ಮುಂದೆ ನೋಡುವ ಹಾಗಾಯಿತು.

ಆಮೇಲೆ ಒಳ್ಳೆಯ ಪ್ರಿಂಟ್ ಸಿಕ್ಕಾಗ ಪೂರ್ತಿ ನೋಡಿದೆ. (ಗುಟ್ಟು ಗೊತ್ತಾಗೋದು ಬೇಡ ಅಂದರೆ ಈ ಪ್ಯಾರಾ ದಾಟಿಬಿಡಿ.) ಹಿಡೆಕಿ ಎಲ್ಲೋ ಅಡಗಿಲ್ಲ, ಮುರಾಕಿಯ ಮೈಯೊಳಗೇ ಇದ್ದಾನೆ. ಅಣ್ಣನಿಂದ ಬೇರೆಯಾಗದೆ ಉಳಿದ ಆ ಜೀವಕ್ಕೆ ಬೇಕಿರುವುದು ತಾಯಿ. ದಿನಾ ರಾತ್ರಿ ಟಿವಿಯಲ್ಲಿ ಎದುರಿಗೆ ಕೂತು ಮಾತಾಡುವ ನಾಮಿಯನ್ನು ಅದು ತಾಯಿ ಮಾಡಿಕೊಂಡುಬಿಟ್ಟಿದೆ, ನಾನು ಅರ್ಥ ಮಾಡಿಕೊಂಡಿದ್ದು ಹೀಗೆ. ಆಗ ಆ ಕ್ಯಾಸೆಟ್ ಬೆದರಿಕೆ ಅನ್ನಿಸುವುದಿಲ್ಲ, ಕರೆಯೋಲೆ ಅನ್ನಿಸುತ್ತೆ. ಮುರಾಕಿ ಅವಳಿಗೆ ಇಲ್ಲಿಂದ ಹೊರಡು ಅನ್ನುವಾಗ ಅದು ತೋರಿಕೆಯ ಮಾತಲ್ಲ. ಅವನು ನಿಜಕ್ಕೂ ಅವಳನ್ನು ತಮ್ಮನಿಂದ ಕಾಪಾಡುತ್ತಿದ್ದಾನೆ. ಹೊಟ್ಟೆ ಸೀಳಿಕೊಂಡು ಬರುವ ಆ ಮಗು ಹಸಿಹಸಿಯಾಗಿದೆ, ರಬ್ಬರ್ ಅಂತ ಕಾಣುತ್ತೆ ಕೂಡ. ಆದರೆ ಮುಂದೆ ಗಾಡ್ಜಿಲ್ಲಾದ ವೇಷಗಳನ್ನು ರೂಪಿಸಿದ ಶಿನಿಚಿ ವಕಾಸಾ ಅವರ ಕೈಕೆಲಸ ಅದು, ನನಗೀಗ ಒಂದಿಷ್ಟೂ ನಗು ಬರಲ್ಲ.

ಹಾಗಾಗಿ "ಒಳ್ಳೆಯದು ಇಷ್ಟು, ಕೆಟ್ಟದ್ದು ಇಷ್ಟು" ಅಂತ ನೀವು ಕೇಳಿರುವ ಪಟ್ಟಿಯನ್ನು ನಾನು ಕೊಡುವುದಿಲ್ಲ. ಈ ಚಿತ್ರ ಹಾಗೆ ಭಾಗ ಮಾಡಿಕೊಳ್ಳುವಂಥದ್ದಲ್ಲ. ಮೊದಲರ್ಧವನ್ನು ಹೊಗಳುವವರು ಆ ನೀಲಿ ಬೆಳಕು, ಕತ್ತಲಲ್ಲಿ ನುಗ್ಗಿಬರುವ ಕ್ಯಾಮೆರಾ, ತೊಮೊಹಿಕೊ ಕಿರಾ ಅವರ ಸಿಂಥಸೈಜರ್ ಸಂಗೀತ ಎಲ್ಲವನ್ನೂ ಇಟಲಿಯ ಹಾರರ್ ನಿರ್ದೇಶಕ ಅರ್ಜೆಂಟೊಗೆ ಹೋಲಿಸುತ್ತಾರೆ. ಹೋಲಿಕೆ ನಿಜ. ಆದರೆ ಅಲ್ಲಿಗೇ ನಿಲ್ಲಿಸಿದರೆ ನಿಮಗೆ ಸಿಗುವುದು ಬರೀ ಒಂದು ಒಳ್ಳೆಯ ಅನುಕರಣೆ. ಕೊನೆಯ ಅರ್ಧ ಗಂಟೆಯೇ ಇಕೆಡಾ ಅವರ ಸ್ವಂತದ್ದು.

ನಿಜವಾಗಿ ನನಗೆ ಚುಚ್ಚುವ ದೋಷ ಬೇರೆ ಕಡೆ ಇದೆ, ಅದರ ಬಗ್ಗೆ ನಿಮಗೆ ಯಾರೂ ಹೇಳಿಲ್ಲ. ಮಧ್ಯದಲ್ಲಿ ತಂಡದ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರದ ದೃಶ್ಯ ಇದೆ. ಇಕೆಡಾ ನಿಕ್ಕಾಟ್ಸು ಸ್ಟುಡಿಯೋದ ಕಾಮಪ್ರಧಾನ ಚಿತ್ರಗಳಿಂದ ಬಂದವರು. ಚಿತ್ರಕಥೆ ಬರೆದ ತಕಾಶಿ ಇಶಿಯವರ ಏಂಜೆಲ್ ಗಟ್ಸ್ ಮಾಂಗಾ (ಜಪಾನಿ ಕಾಮಿಕ್ಸ್) ಆಧರಿಸಿದ ಚಿತ್ರ ಸರಣಿಯಲ್ಲಿ 1981ರಲ್ಲಿ ಒಂದನ್ನು ಇಕೆಡಾ ಅವರೇ ನಿರ್ದೇಶಿಸಿದ್ದರು. ನಾಮಿ, ಮುರಾಕಿ ಅನ್ನುವ ಹೆಸರುಗಳೂ ಇಶಿಯವರ ಆ ಲೋಕದ್ದೇ. ಇಷ್ಟು ತಿಳಿದರೆ ಆ ದೃಶ್ಯ ಎಲ್ಲಿಂದ ಬಂತು ಅಂತ ಗೊತ್ತಾಗುತ್ತೆ, ಆದರೆ ಸಹಿಸೋಕೆ ಆಗಲ್ಲ. ನಾಮಿಯ ಕಥೆಗೆ ಅದರಿಂದ ಏನೂ ಸೇರಲ್ಲ. ಏನಾದರೂ ಬಿಡಲೇಬೇಕು ಅಂತಿದ್ದರೆ ಅದನ್ನು ಓಡಿಸಿ. ತಂಡದ ಉಳಿದವರ ಪಾತ್ರಗಳೂ ತೆಳು. ಯಾಕೆ ಚದುರಿ ಹೋಗುತ್ತಾರೆ ಅನ್ನುವುದಕ್ಕೆ ಕಾರಣ ಇಲ್ಲ, ಅವರು ಸಾಯುವಾಗ ಬೆಚ್ಚಿಬೀಳುತ್ತೀವಿ, ದುಃಖ ಆಗಲ್ಲ.

ಅದನ್ನೆಲ್ಲ ಹೊತ್ತು ನಡೆಸುವವರು ನಾಮಿ ಪಾತ್ರದ ಮಿಯುಕಿ ಓನೊ. ಮರುವರ್ಷ ಹಾಲಿವುಡ್‌ನ ಬ್ಲ್ಯಾಕ್ ರೇನ್‌ನಲ್ಲೂ ಇದ್ದರು. ಬರೀ ಓಡಿ ಕಿರುಚುವ ಹುಡುಗಿ ಅಲ್ಲ ನಾಮಿ, ಅಲ್ಲಿಗೆ ಬಂದಿರುವುದೇ ಒಂದು ಸ್ಟೋರಿ ಬೇಕು ಅಂತ. ಆ ಆಸೆ ಕರಗಿ ತಪ್ಪಿತಸ್ಥ ಭಾವ ಆಗುವುದು ಓನೊ ಅವರ ಮುಖದಲ್ಲೇ ಕಾಣುತ್ತೆ. ಹಿಡೆಕಿಯ ಎದುರು ಅವಳು ನಿಲ್ಲುವ ರೀತಿ ನೋಡಬೇಕಾದರೆ ಆ ಅರ್ಧ ಗಂಟೆ ಬೇಕೇ ಬೇಕು.

ರಾತ್ರಿ ನೋಡಿ, ಸಬ್‌ಟೈಟಲ್ ಸರಿಯಾಗಿದೆಯಾ ಅಂತ ಮೊದಲೇ ಪರೀಕ್ಷಿಸಿಕೊಳ್ಳಿ, ಹೆಡ್‌ಫೋನ್ ಇರಲಿ. ಗೆಳೆಯರಿಗೆ ತೋರಿಸುವುದಾದರೆ ಪೂರ್ತಿ ತೋರಿಸಿ, ನಗುವವರು ನಗಲಿ. 1992ರ ಎರಡನೇ ಭಾಗ ಕಣ್ಣಿಗೆ ಬಿದ್ದರೆ ಅದನ್ನು ಇದರ ಮುಂದುವರಿಕೆ ಅಂತ ನೋಡೋಕೆ ಹೋಗಬೇಡಿ. ಅದರ ನಿರ್ದೇಶಕರು ಬೇರೆ, ಕಥೆಯೂ ಬೇರೆ.